ಅಲ್ಲೆ ನೀ ಏನ ಕೆಲಸಾ ಮಾಡ್ತೀ?

ಹೋದ ತಿಂಗಳ ಹುಬ್ಬಳ್ಳ್ಯಾಗ ನಮ್ಮ ಮಾವಶಿ ಮೊಮ್ಮಗಳ ಲಗ್ನಾ ಆತು. ನಂಗ ರಜಾ ಸಿಗಲಿಲ್ಲ, ಮೆಲ್ಬರ್ನಿನಿಂದ ವಿಡಿಯೋದಾಗನ ಅಕ್ಷತಾ ಹಾಕಿದ್ದಾತು. ಪಂಕ್ತ್ಯಾಗ ಯಾರೋ ನಮ್ಮವ್ವಗ "ಮಗಳು ಆಸ್ಟ್ರೇಲಿಯಾದಾಗ ಏನ ಮಾಡ್ತಾಳ್ರಿ?" ಅಂತ ಕೇಳಿದರಂತ. "ಸಾಲ್ಯಾಗ ಟೀಚರ್ ಇದ್ದಾಳ" ಅಂದ್ಲಂತ ಅವ್ವ. ಆಮ್ಯಾಲೆ ಫೋನ್ ಮಾಡಿ ಆಕೀನ ಹೇಳಿದ್ಲು, "ತಪ್ಪ ತಿಳ್ಕೋಬ್ಯಾಡವಾ, ಬಾಯಿಗೆ ಹಂಗ ಬಂತು."

ನಾ ಟೀಚರ್ ಅಲ್ಲ. ಚೈಲ್ಡ್ ಕೇರಿನ್ಯಾಗ ಕೆಲಸಾ ಮಾಡ್ತೇನಿ. ಸಣ್ಣ ಕೂಸುಗಳ ಡೈಪರ್ ಬದಲಸ್ತೇನಿ, ಸಿಂಬಳಾ ಒರಸ್ತೇನಿ, ಉಣಸ್ತೇನಿ, ತಟ್ಟಿ ಮಲಗಸ್ತೇನಿ. ಇಲ್ಲಿಗೆ ಬರೂ ಮೊದಲ ಹನ್ನೊಂದು ವರ್ಷ ಬ್ಯಾಂಕಿನ್ಯಾಗ ಇದ್ದಾಕಿ. ಇದನ್ನ ಮುಚ್ಚಿಡಬಾರದು ಅಂತ ನಾ ಇವತ್ತ ಹೇಳಬೇಕು ಅಂದ್ಕೊಂಡೇನಿ. ಯಾಕಂದ್ರ ಅವ್ವನಕಿಂತ ಮೊದಲ ಮುಚ್ಚಿಟ್ಟಾಕಿ ನಾನ.

ಮೂರು ವರ್ಷದ ಹಿಂದ ನಮ್ಮ ಬಳಗದ ಸೊಸಿ ಒಬ್ಬಾಕಿ ಇಲ್ಲಿಗೆ ಬರೂ ಮುಂದ ನನ್ನ ಕೇಳಿದ್ಲು, "ಅಕ್ಕಾ, ಕೆಲಸಾ ಸಿಗ್ತದೇನು?" ನಾ ಆಗ ಐದು ತಿಂಗಳಿಂದ ಅರ್ಜಿ ಹಾಕಿ ಹಾಕಿ ಸೋತಿದ್ದೆ. ಆದ್ರೂ "ಸಿಗ್ತದ ಬಾ, ಅಷ್ಟೇನ ತ್ರಾಸಿಲ್ಲ" ಅಂದೆ. ಆಕಿ ಕಾಯಂ ನೌಕರಿಗೆ ರಾಜೀನಾಮೆ ಕೊಟ್ಟು ಬಂದ್ಲು. ನಲವತ್ತು ಅರ್ಜಿ ಹಾಕಿದ್ರೂ ಒಂದು ಫೋನ್ ಬರಲಿಲ್ಲ. ಎಲ್ಲಾರಿಗೂ ಸಿಕ್ಕದ, ತನಗಷ್ಟ ಇಲ್ಲ ಅಂತ ಬಚ್ಚಲದಾಗ ನಳಾ ಬಿಟ್ಟು ಅಳ್ತಿದ್ಲಂತ. ಅದನ್ನ ಕೇಳಿದ ಮ್ಯಾಲೆ ನಂಗ ನಿದ್ದಿ ಬರಲಿಲ್ಲ. ನಾ ಖರೇ ಹೇಳಿದ್ರ ಆಕಿ ಬರತಿದ್ದಿಲ್ಲ ಅಂತಲ್ಲ. ಒಂದು ವರ್ಷ ಸಂಬಳಿಲ್ಲದ ರಜಾ ತೊಗೊಂಡಾದರೂ ಬರತಿದ್ಲು.

ಹಂಗಾಗಿ ಬರೋರಿಗೆ ಖರೇನ ಹೇಳ್ತೇನಿ. ಇಲ್ಲೆ ಮೊದಲ ಕೇಳೂದು "ಲೋಕಲ್ ಎಕ್ಸ್‌ಪೀರಿಯನ್ಸ್". ರೆಸ್ಯೂಮೆ ಒಳಗ ಫೋಟೋ, ಹುಟ್ಟಿದ ತಾರೀಖು, ಗಂಡನ ಹೆಸರು ಹಾಕೂ ಪದ್ಧತಿ ಇಲ್ಲ. ಆದ್ರ ನಿಮ್ಮ ಕೆಲಸಾ ನೋಡಿದ ಇಬ್ಬರ ಹೆಸರು ಬೇಕು, ಅವರಿಗೆ ಫೋನ್ ಮಾಡಿ ವಿಚಾರಸ್ತಾರ. ಹೊಸದಾಗಿ ಬಂದಾಕಿಗೆ ಅಂಥವರು ಎಲ್ಲಿ ಸಿಗಬೇಕ್ರಿ? ನಾ ವಾರಕ್ಕೊಂದು ದಿವಸ ಆಪ್ ಶಾಪಿನ್ಯಾಗ, ಅಂದ್ರ ಹಳೇ ಅರಿವಿ-ಭಾಂಡೆ ಮಾರೂ ಧರ್ಮದ ಅಂಗಡ್ಯಾಗ, ಪಗಾರಿಲ್ಲದ ನಿಂತೆ. ಅಲ್ಲಿನ ಮ್ಯಾನೇಜರ್ ಬಾಯೀನ ನನ್ನ ಸಲುವಾಗಿ ಮಾತಾಡಿದಾಕಿ. ಆಮ್ಯಾಲೆ ಸರ್ಟಿಫಿಕೇಟ್ ತ್ರೀ ಕೋರ್ಸ್ ಮಾಡಿ, ಮಕ್ಕಳ ಜೋಡಿ ಕೆಲಸಾ ಮಾಡ್ಲಿಕ್ಕೆ ಬೇಕಾದ ಸರಕಾರಿ ತಪಾಸಣಿ ಮುಗಿಸಿ ಇಲ್ಲಿಗೆ ಸೇರಿದೆ. ಟೀಚರ್, ನರ್ಸ್ ಆಗೋರಿಗಂತೂ ನಮ್ಮ ಡಿಗ್ರಿ ಒಂದ ಸಾಲೂದಿಲ್ಲ, ಇಲ್ಲೆ ನೋಂದಣಿ ಆಗಬೇಕು. ಆ ಕಾಗದಪತ್ರದ ಕೆಲಸಾ ಊರಾಗ ಇದ್ದಾಗನ ಶುರು ಮಾಡ್ರಿ.

ಇನ್ನೊಂದು ಮಾತು. ಕೆಲಸಾ ಸಿಗವಲ್ದು ಅಂತ ಕಡಿಮಿ ಪಗಾರಕ್ಕ ಕೈಯಾಗ ರೊಕ್ಕಾ ತೊಗೊಂಡು ದುಡೀಬ್ಯಾಡ್ರಿ. ನಾನೂ ಒಂದು ಅಡಗಿಮನ್ಯಾಗ ಹಂಗ ಎರಡು ತಿಂಗಳ ಭಾಂಡೆ ತಿಕ್ಕೇನಿ. "ನಮ್ಮವರು" ಅನ್ನೂ ಮಾತಿಗೆ ಮರುಳಾಗಿ ಪಗಾರದ ಚೀಟೀನೂ ಕೇಳಲಿಲ್ಲ. 2025ರ ಜುಲೈದಾಗ ಇಲ್ಲೆ ದೊಡ್ಡವರಿಗೆ ತಾಸಿಗೆ ಕನಿಷ್ಠ 24.95 ಡಾಲರ್ ಕೊಡಬೇಕು ಅಂತ ಇತ್ತು. ಅದರ ಮ್ಯಾಲೆ 12 ಶೇಕಡಾ ಸೂಪರ್, ಅಂದ್ರ ನಮ್ಮ ಪಿ.ಎಫ್. ಇದ್ದಂಗ, ಮಾಲಕರೇ ತುಂಬಬೇಕು. ಕೊಡದಿದ್ರ ಫೇರ್ ವರ್ಕ್ ಆಂಬಡ್ಸ್‌ಮನ್ ಅಂತ ಸರಕಾರಿ ಕಚೇರಿ ಅದ, ಅಲ್ಲೆ ಕೇಳಬಹುದು.

"ಇಷ್ಟ ಕಲತು ಕೂಸಿನ ಡೈಪರ್ ಬದಲಸ್ಲಿಕ್ಕೆ ಅಲ್ಲೀತನಕಾ ಹೋಗಬೇಕಿತ್ತೇನು?" ಅಂತ ನೀವು ಕೇಳಬಹುದು. ಬರೋಬ್ಬರಿ ಪ್ರಶ್ನೇನ. ಜೂನಿನ ಥಂಡ್ಯಾಗ, ಕತ್ತಲದಾಗ ಟ್ರೇನ್ ಕಾಯೂ ಮುಂದ ನಾನೂ ಕೇಳ್ಕೋತೇನಿ. ಮಗಗ ಜ್ವರಾ ಬಂದಾಗ, ಕರೀಲಿಕ್ಕೆ ಅವ್ವ ಇಲ್ಲ, ಬಾಜೂಮನಿ ವೈನಿ ಇಲ್ಲ, ಆಗಂತೂ ಭಾಳ ಅನಸ್ತದ. ಬ್ಯಾಂಕಿನ ಆಶಾ ಇನ್ನೂ ಬಿಟ್ಟಿಲ್ಲ, ಅರ್ಜಿ ಹಾಕ್ಕೋತನ ಇದ್ದೇನಿ. ಆದ್ರ ಈ ಕೆಲಸಾ ಹಗರ ಅಲ್ಲ. ತಾಯಂದ್ರು ಅಳೂ ಕೂಸಿನ್ನ ನನ್ನ ಕೈಯಾಗ ಕೊಟ್ಟು, ಹೊಳ್ಳಿ ನೋಡದ ಆಫೀಸಿಗೆ ಹೋಗ್ತಾರ. ಬ್ಯಾಂಕಿನ್ಯಾಗ ನನ್ನ ಮ್ಯಾಲೆ ಇಷ್ಟ ವಿಶ್ವಾಸಾ ಯಾರೂ ಇಟ್ಟಿದ್ದಿಲ್ಲ.

ಅವ್ವಗ ಇದನ್ನೆಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು. "ಆತು, ಇನ್ನ ಕೇಳಿದ್ರ ಕೂಸು ನೋಡ್ಕೋತಾಳ ಅಂತನ ಹೇಳ್ತೇನಿ," ಅಂದ್ಲು. "ಆದ್ರ ಪಂಕ್ತ್ಯಾಗ ಡೈಪರ್ ಮಾತು ಮಾತ್ರ ತಗ್ಯಾಂಗಿಲ್ಲ ನೋಡು."

ಅಷ್ಟಾದ್ರ ಸಾಕು.