ಲೀಟರಿಗೆ ಎರಡು ಪೈಸೆ

ಮಂಗಳೂರಿನ ಕೇಂದ್ರ ಸರ್ಕಾರಿ ತೈಲಾಗಾರ ಎಂಆರ್‌ಪಿಎಲ್ ಬಗ್ಗೆ ಯಾರಾದರೂ ತಕರಾರು ಎತ್ತಿದರೆ ಸಾಕು, ಉದ್ಯಮದ ಪರ ವಕಾಲತ್ತು ವಹಿಸುವವರ ಬಾಯಲ್ಲಿ ಒಂದೇ ಪಾಠ: ತೈಲಾಗಾರ ಬೊಕ್ಕಸ ತುಂಬುತ್ತಿದೆ, ಕರ್ನಾಟಕ ಅದಕ್ಕೆ ಋಣಿಯಾಗಿರಬೇಕು, ಸ್ಥಳೀಯರಿಗೆ ಕೆಲಸ ಕೊಡಿ ಎಂದು ಹಟ ಹಿಡಿದರೆ ಬಂಡವಾಳ ಓಡಿಹೋಗುತ್ತದೆ. ಯಾರ ಬೊಕ್ಕಸ ತುಂಬುತ್ತಿದೆ? ಯಾರ ದುಡ್ಡಿನಿಂದ? ಲೆಕ್ಕ ತೆಗೆಯೋಣ.

2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 21 ರೂಪಾಯಿ 90 ಪೈಸೆಗೆ ಏರಿಸಿತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಉಳಿದದ್ದೆಲ್ಲ ಸೆಸ್ಸು, ವಿಶೇಷ ಹೆಚ್ಚುವರಿ ಸುಂಕ. ಹಂಚಿಕೆಯ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಆ 1.40ರಲ್ಲಿ ಶೇ 41ರಷ್ಟು ಎಲ್ಲ ರಾಜ್ಯಗಳಿಗೆ. ಅದರಲ್ಲಿ 15ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಗೊತ್ತುಮಾಡಿದ್ದು ಶೇ 3.647. ಗುಣಿಸಿ ನೋಡಿ. ಲೀಟರಿಗೆ ಎರಡು ಪೈಸೆ! ಸುಮಾರು ಇಪ್ಪತ್ತೆರಡು ರೂಪಾಯಿ ದೆಹಲಿಗೆ ಹೋಗಿ, ಎರಡು ಪೈಸೆ ನಮ್ಮ ಪಾಲಾಗಿ ಮರಳಿತು. ಇದಕ್ಕೆ ನಾವು ಋಣಿಗಳಾಗಿರಬೇಕೇ?

ರಾಜ್ಯದ ಮಾರಾಟ ತೆರಿಗೆ ಇದೆಯಲ್ಲ ಎನ್ನುತ್ತಾರೆ. ಅದನ್ನು ಕಟ್ಟುವುದು ತೈಲಾಗಾರವಲ್ಲ, ಬೆಂಗಳೂರಿನ ಮಾಗಡಿ ರಸ್ತೆಯ ಬಂಕಿನಲ್ಲಿ ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸುವ ನಾವು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಆ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಹೊರೆ ಬಿದ್ದದ್ದು ನಮ್ಮ ಜೇಬಿಗೆ. ಎಣ್ಣೆ ಜಾಮ್‌ನಗರದಿಂದ ಬಂದಿದ್ದರೂ ನಾವು ಅಷ್ಟೇ ಕಟ್ಟುತ್ತಿದ್ದೆವು. ಅಂದಮೇಲೆ ತೈಲಾಗಾರ ನಮ್ಮ ನೆಲದಲ್ಲಿದೆ ಎಂಬ ಕಾರಣಕ್ಕೆ ನಮಗೆ ಸಿಕ್ಕ ಹೆಚ್ಚಿನ ಲಾಭವೇನು?

ಕಚ್ಚಾ ಮಾಲಾದರೂ ಅಗ್ಗವಾಗಿ ಸಿಗುತ್ತದೆಯೇ? ಅಲ್ಲೇ ಹತ್ತಿರದ ಕಾಮಾಕ್ಷಿಪಾಳ್ಯದ ಯಾವುದಾದರೂ ಶೆಡ್ಡಿಗೆ ಹೋಗಿ. ಒಂದೋ ಎರಡೋ ಮೋಲ್ಡಿಂಗ್ ಮಷಿನ್ನು, ಬಿಸಿ ಪ್ಲಾಸ್ಟಿಕ್ಕಿನ ಘಾಟು, ಮೂಲೆಯಲ್ಲಿ ಪಾಲಿಪ್ರೊಪಿಲೀನ್ ಕಾಳಿನ 25 ಕೆ.ಜಿ. ಚೀಲಗಳು. ಮಂಗಳೂರಿನ ಸ್ಥಾವರ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ತಯಾರಿಸಬಲ್ಲದು. ಆದರೆ ಇಲ್ಲಿನ ಸಣ್ಣ ಉದ್ಯಮಿಗೆ ಅದು ನಮ್ಮೂರ ಬೆಲೆಗೆ ಸಿಗುವುದಿಲ್ಲ. ಆಮದು ಮಾಲಿನ ಬೆಲೆ ಏರಿದರೆ ಇದರದ್ದೂ ಏರುತ್ತದೆ.

ಕೊಟ್ಟದ್ದರ ಪಟ್ಟಿ ಮಾತ್ರ ಉದ್ದವಿದೆ. 1996ರಲ್ಲಿ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾದ ಸ್ಥಾವರ ಇಂದು 150 ಲಕ್ಷ ಟನ್‌ಗೆ ಬೆಳೆದಿದೆ. ಕುತ್ತೆತ್ತೂರು, ಪೆರ್ಮುದೆ, ಕಳವಾರಿನ ಜನ ಗದ್ದೆ, ತೋಟ ಬಿಟ್ಟುಕೊಟ್ಟರು. ನೇತ್ರಾವತಿ ನೀರು ಕೊಟ್ಟಳು. ಬೇಸಿಗೆಯಲ್ಲಿ ಹೊಳೆ ಬತ್ತಿ ಸ್ಥಾವರದ ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂದದ್ದೂ ಉಂಟು. ಹಾಸನ ಹಾದು ಬೆಂಗಳೂರಿನ ಬಳಿಯ ದೇವನಗೊಂದಿ ಮುಟ್ಟುವ ತೈಲ ಕೊಳವೆಮಾರ್ಗಕ್ಕೂ ರೈತರ ಹೊಲದಡಿ ಜಾಗ ಬೇಕಾಯಿತು.

ಇಷ್ಟು ಕೊಟ್ಟ ನೆಲ ಕೇಳಿದ್ದು ಕೆಲಸವನ್ನು. 233 ಹುದ್ದೆಗಳ ನೇಮಕಾತಿ 2021ರಲ್ಲಿ ವಿವಾದವಾಗಿದ್ದು ನೆನಪಿರಲಿ. ಆಯ್ಕೆಯಾದವರಲ್ಲಿ ಕನ್ನಡಿಗರು ಬೆರಳೆಣಿಕೆಯಷ್ಟೇ ಎಂದು ಗೊತ್ತಾದಾಗ ಕರಾವಳಿಯಲ್ಲಿ ಪಕ್ಷಭೇದವಿಲ್ಲದೆ ಆಕ್ರೋಶ ಎದ್ದಿತು. ಅವು ವ್ಯವಸ್ಥಾಪಕರ ಹುದ್ದೆಗಳಲ್ಲ. ಡಿಪ್ಲೊಮಾ, ಐಟಿಐ ಓದಿದ ಹುಡುಗರಿಗೆ ನಮ್ಮಲ್ಲಿ ಬರವೇ? ಸುರತ್ಕಲ್ಲಿನಲ್ಲಿ ಇಲ್ಲವೇ, ರಾಜಾಜಿನಗರದಲ್ಲಿ ಇಲ್ಲವೇ? ನೇಮಕ ‘ಅಖಿಲ ಭಾರತ ಪರೀಕ್ಷೆ’ಯ ಮೂಲಕ ಎಂಬ ಸಮರ್ಥನೆ ಭೂಮಿ ಕೇಳುವಾಗ ಎಲ್ಲಿ ಹೋಗಿತ್ತು? ಭೂಮಿಯನ್ನು ಅಖಿಲ ಭಾರತದಿಂದ ಕೇಳಲಿಲ್ಲ, ಕುತ್ತೆತ್ತೂರಿನಿಂದ ಕೇಳಿದರು.

ಹೊರಗಿನವರ ನೇಮಕ ಒಂದೇ ಕಾರ್ಖಾನೆಯ ರೋಗವಲ್ಲ. ಬೆಂಗಳೂರಿನ ವಿಜಯನಗರದ ಬ್ಯಾಂಕಿನಲ್ಲಿ ಪಿಂಚಣಿಯ ಅಜ್ಜಿ ಕನ್ನಡದಲ್ಲಿ ಕೇಳಿದರೆ ಕೌಂಟರಿನವರು ಹಿಂದಿಯಲ್ಲಿ ಉತ್ತರಿಸುತ್ತಾರೆ. ರಾಜ್ಯದಲ್ಲಿರುವ ಕೇಂದ್ರ ಸರ್ಕಾರಿ ಉದ್ದಿಮೆಗಳ ಸಿ ಮತ್ತು ಡಿ ದರ್ಜೆಯ ಎಲ್ಲ ಹುದ್ದೆಗಳೂ ಕನ್ನಡಿಗರಿಗೇ ಸಿಗಬೇಕೆಂದು, ಕನ್ನಡಿಗರ ಉದ್ಯೋಗದ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ್ದ ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ಹೇಳಿತ್ತು. ಆಮೇಲೆ ಎಷ್ಟು ಸರ್ಕಾರಗಳು ಬಂದು ಹೋದವು! 2024ರ ಜುಲೈನಲ್ಲಿ ಖಾಸಗಿ ವಲಯಕ್ಕೂ ಸ್ಥಳೀಯ ಮೀಸಲು ತರುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಐಟಿ ಉದ್ಯಮಿಗಳು ಕಣ್ಣು ಕೆಂಪಗೆ ಮಾಡಿದ್ದೇ ತಡ, ಸರ್ಕಾರ ಅದನ್ನು ತಡೆಹಿಡಿಯಿತು. ಬಂಡವಾಳ ಓಡಿಹೋಗುತ್ತದೆ ಎಂಬ ಬೆದರಿಕೆಗೆ ನಮ್ಮ ಮಂತ್ರಿಗಳು ಬೆದರುವಷ್ಟು ಮತದಾರನ ಸಿಟ್ಟಿಗೆ ಬೆದರುವುದಿಲ್ಲ. ಕಡಲ ಬಂದರಿಗೆ ಅಂಟಿಕೊಂಡ ತೈಲಾಗಾರ ಎಲ್ಲಿಗೆ ಓಡಿಹೋಗುತ್ತದೆ?

ಬೇಡಿಕೆ ಸರಳ. ತೈಲಾಗಾರದ ಸಿ, ಡಿ ದರ್ಜೆಯ ಹುದ್ದೆಗಳ ಪರೀಕ್ಷೆ ಕನ್ನಡದಲ್ಲೂ ನಡೆಯಲಿ, ಭೂಮಿ ಕಳೆದುಕೊಂಡ ಮನೆಗಳಿಗೆ ಮೊದಲ ಆದ್ಯತೆ, ಉಳಿದ ಹುದ್ದೆಗಳು ಈ ರಾಜ್ಯದವರಿಗೆ. ತೈಲದ ಸೆಸ್ಸುಗಳು ಹಂಚಿಕೆಯ ಲೆಕ್ಕಕ್ಕೆ ಬರಲಿ. ಇದು ಆಗುವವರೆಗೆ ವಿಸ್ತರಣೆಗೆಂದು ಒಂದು ಸೆಂಟ್ ಜಾಗವನ್ನೂ ರಾಜ್ಯ ಸರ್ಕಾರ ಸ್ವಾಧೀನ ಮಾಡಿಕೊಡಬಾರದು. ಭೂಸ್ವಾಧೀನದ ಅಧಿಸೂಚನೆಗೆ ಸಹಿ ಬೀಳಬೇಕಾದದ್ದು ಬೆಂಗಳೂರಿನಲ್ಲಿ. ಆ ಪೆನ್ನನ್ನು ಕೆಳಗಿಡುವ ಧೈರ್ಯ ವಿಧಾನಸೌಧಕ್ಕೆ ಬರಲಿ.