ಕೂದಲು ಕತ್ತರಿಸಿಕೊಂಡ ದೇವರುಗಳು

ರಾಕ್ ಸಂಗೀತದ ಅಭಿಮಾನಿಯದು ಮುನಿಸಿಕೊಳ್ಳುವ ಭಕ್ತಿ. ಮೆಟಾಲಿಕಾ ತಂಡದ ಕತೆಯನ್ನೇ ನೋಡಿ.

1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ತಂಡವನ್ನು ಬೆಳೆಸಿದ್ದು ರೇಡಿಯೋ ಅಲ್ಲ, ಕ್ಯಾಸೆಟ್. 1982ರ ಡೆಮೋ ಟೇಪನ್ನು ಹುಡುಗರು ನಕಲು ಮಾಡಿ, ಅಂಚೆಯಲ್ಲಿ ಕಳಿಸಿ, ಊರೂರಿಗೆ ಹಂಚಿದರು. 'ನಮ್ಮ ತಂಡ' ಎನ್ನುವ ಹಕ್ಕು ಬಂದದ್ದು ಹಾಗೆ. 1991ರ ಕಪ್ಪು ಹೊದಿಕೆಯ ಆಲ್ಬಂ ಮನೆಮನೆ ಹೊಕ್ಕಾಗ ಹಳೆಯ ಭಕ್ತರಿಗೆ ಅದೇ ಸಂಕಟವಾಯಿತು. ದೇವರು ಎಲ್ಲರಿಗೂ ಸಿಕ್ಕಿಬಿಟ್ಟರೆ ಹೇಗೆ? 1996ರಲ್ಲಿ ನಾಲ್ವರೂ ಕೂದಲು ಕತ್ತರಿಸಿಕೊಂಡು 'ಲೋಡ್' ತಂದರು. ಕೂದಲಿಗೂ ಗಿಟಾರಿಗೂ ಏನು ಸಂಬಂಧ ಎಂದು ಅಭಿಮಾನಿಯನ್ನು ಮಾತ್ರ ಕೇಳಬೇಡಿ!

ನಿಜವಾದ ಪೆಟ್ಟು ಬಿದ್ದದ್ದು 2000ದಲ್ಲಿ. ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳಲು ದಾರಿ ಮಾಡಿದ್ದ ನ್ಯಾಪ್‌ಸ್ಟರ್ ಮೇಲೆ ತಂಡ ದಾವೆ ಹೂಡಿತು. ಡ್ರಮ್ಮರ್ ಲಾರ್ಸ್ ಉಲ್ರಿಕ್ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಪೆಟ್ಟಿಗೆಗಳಲ್ಲಿ ತುಂಬಿ ಒಯ್ದು ಕೊಟ್ಟರು. ಕ್ಯಾಸೆಟ್ ನಕಲಾದಂತೆಲ್ಲ ಸವೆಯುತ್ತದೆ, ಕಂಪ್ಯೂಟರ್ ನಕಲು ಸವೆಯುವುದಿಲ್ಲ. ಅವರ ಭಯಕ್ಕೆ ಕಾರಣವಿತ್ತು, ಕಾನೂನೂ ಅವರ ಕಡೆಗಿತ್ತು. ಆದರೂ ನಕಲಿನಿಂದಲೇ ಮೇಲೆ ಬಂದವರು ನಕಲು ಮಾಡಿದವರ ಪಟ್ಟಿ ಒಪ್ಪಿಸಿದ್ದು ನನಗಂತೂ ಸರಿಕಾಣುವುದಿಲ್ಲ.

ಮುನಿದವರು ಎಲ್ಲಿ ಹೋದರು? 2011ರ ಅಕ್ಟೋಬರ್ 28ರಂದು ಗುರ್‌ಗಾಂವ್‌ನ ಕಾರ್ಯಕ್ರಮ ನಿಂತುಹೋಯಿತು. ಎರಡು ದಿನಗಳ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ತಂಡ ಭಾರತದಲ್ಲಿ ಮೊದಲ ಸಲ ನುಡಿಸಿತು. ನುಡಿಸಿದ್ದು ಹೆಚ್ಚಾಗಿ ಹಳೆಯ ಹಾಡುಗಳನ್ನೇ. ಅಷ್ಟು ಹೊತ್ತಿಗೆ, ಹಿಂದೆ ಭಕ್ತರು ಮೂಗು ಮುರಿದಿದ್ದ 1991ರ ಹಾಡುಗಳೂ ಹಳೆಯವಾಗಿದ್ದವು.