ಆ ಚೀಟಿಯ ಹಿಂಬದಿ ಖಾಲಿ ಇದೆ!

ಕನ್ನಡದ ತರುಣರೇ,

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಓಡುವ ನೀವು, ಒಮ್ಮೆ ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಊರಿಗೆ ಹೊರಟ ತಾಯಿಯ ಕೈಚೀಲ ನೋಡಿ. ಅದರಲ್ಲೊಂದು ಡಿಸ್‌ಚಾರ್ಜ್ ಚೀಟಿ. ಮೇಲಿಂದ ಕೆಳಗಿನತನಕ ಇಂಗ್ಲಿಷ್!

ಕೆಲವು ಶಿಶುಗಳ ಅನ್ನನಾಳ ಹುಟ್ಟುವಾಗಲೇ ನಡುವೆ ತುಂಡಾಗಿರುತ್ತದೆ. ಸುಮಾರು 3ರಿಂದ 4 ಸಾವಿರ ಹೆರಿಗೆಗೆ ಒಂದು. 1941ರಲ್ಲಿ ಅಮೆರಿಕದ ವೈದ್ಯ ಕ್ಯಾಮರಾನ್ ಹೈಟ್ ಎರಡೂ ತುದಿ ಜೋಡಿಸಿ ಮಗುವೊಂದನ್ನು ಉಳಿಸಿದರು. ಇಂದು ನಮ್ಮ ಕರ್ನಾಟಕದಲ್ಲೇ ಆ ಶಸ್ತ್ರಚಿಕಿತ್ಸೆ ಆಗುತ್ತದೆ. ಮಾಡುವ ವೈದ್ಯರಿಗೆ ಕೈಮುಗಿಯುತ್ತೇನೆ.

ಆದರೆ ಹೊಲಿಗೆ ಹಾಕಿದಲ್ಲಿಗೆ ಮುಗಿಯಲಿಲ್ಲ. ಜೋಡಿಸಿದ ಜಾಗ ಮಾಯುತ್ತಾ ಬಿಗಿದುಕೊಳ್ಳಬಹುದು. ಆಗ ಮಗು ಹಾಲು ಕುಡಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಕುಡಿದದ್ದನ್ನು ಕಕ್ಕುತ್ತದೆ. ಗಂಜಿ, ಮಣ್ಣಿ ದಾಟಿ ಅನ್ನದ ಅಗುಳಿಗೆ ಬಂದಾಗ ತುತ್ತು ಸಿಕ್ಕಿಕೊಳ್ಳುತ್ತದೆ. ಬಲೂನು ಇಳಿಸಿ ಹಿಗ್ಗಿಸುತ್ತಾರೆ. ಕೆಲವು ಮಕ್ಕಳಿಗೆ ಮತ್ತೆ ಮತ್ತೆ ಬೇಕಾಗುತ್ತದೆ. ಹೊಟ್ಟೆಯ ಹುಳಿ ಮೇಲೆ ಬರುವುದಂತೂ ತೀರಾ ಸಾಮಾನ್ಯ. ಆ ಹುಳಿಯೇ ಜೋಡಣೆಯ ಜಾಗವನ್ನು ಇನ್ನಷ್ಟು ಕೆಡಿಸುತ್ತದೆ. ಕುಡಿಯುವಾಗ ಮಗು ನೀಲಿಗಟ್ಟಿದರೆ ಒಂದು ಕ್ಷಣವೂ ಕಾಯುವಂತಿಲ್ಲ.

ಇದನ್ನೆಲ್ಲ ಮೊದಲು ಕಾಣುವವಳು ಡಾಕ್ಟರಲ್ಲ, ತಾಯಿ!

ಆಗುಂಬೆಯ ಆಷಾಢ ನೆನೆಯಿರಿ. ಒಂದು ಕಡೆ 14 ತಿರುವಿನ ಘಾಟಿ, ಇನ್ನೊಂದು ಕಡೆ ತೀರ್ಥಹಳ್ಳಿಯ ಕಾಡುದಾರಿ. ಕರೆಂಟಿಲ್ಲ. ನಡುರಾತ್ರಿ ಮಗು ಕಕ್ಕುತ್ತಿದೆ. ಏಳನೇ ಕ್ಲಾಸು ಓದಿದ ತಾಯಿ ಕನ್ನಡ ಪೇಪರನ್ನು ಸರಾಗ ಓದಬಲ್ಲಳು. ಅವಳ ಕೈಯಲ್ಲಿರುವ ಕಾಗದದಲ್ಲಿ ‘ಸ್ಟ್ರಿಕ್ಚರ್’, ‘ರಿಫ್ಲಕ್ಸ್’ ಎಂದಿದೆ. ಅಜ್ಜಿ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಾಳೆ. ಅಜ್ಜಿಯನ್ನು ಬೈಯಬೇಡಿ, ಅವಳಿಗೆ ಬೇರೇನು ಹೇಳಿದ್ದೀರಿ?

ಔಷಧ ಚೀಟಿ ಕನ್ನಡದಲ್ಲಿರಲಿ ಎಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರವನ್ನು ಕೇಳಿದರು. ಒಳ್ಳೆಯದೇ. ನನ್ನನ್ನು ಕೇಳಿದರೆ, ಮದ್ದಿನ ಹೆಸರು ಇಂಗ್ಲಿಷಿನಲ್ಲಿದ್ದರೂ ನಡೆದೀತು, ಮೆಡಿಕಲ್ ಶಾಪಿನವನು ಓದಿಕೊಳ್ಳುತ್ತಾನೆ. ತಾಯಿ ಓದಬೇಕಾದ್ದು ಮಾತ್ರ ಕನ್ನಡದಲ್ಲಿ ಇರಲೇಬೇಕು.

ನಾನೂ ಇದರಲ್ಲಿ ಪಾಲುದಾರನೇ. ನನ್ನ ಪ್ರೆಸ್ಸಿನಲ್ಲೇ ಇಂಥ ಇಂಗ್ಲಿಷ್ ಫಾರಂಗಳು ಸಾವಿರಗಟ್ಟಲೆ ಅಚ್ಚಾಗಿವೆ. ‘ಕನ್ನಡವನ್ನೂ ಹಾಕೋಣವೇ?’ ಎಂದದ್ದಕ್ಕೆ ‘ಜಾಗ ಇಲ್ಲ ಬಿಡ್ರೀ’ ಎಂದರು. ಹಿಂಬದಿ ಪೂರ್ತಿ ಖಾಲಿ ಇತ್ತು!

ಆ ಹಿಂಬದಿ ನಮಗೆ ಬೇಕು. ನಿಮ್ಮೂರಿನ ಮಕ್ಕಳ ಸರ್ಜನ್ ಬಳಿ ಹೋಗಿ, ಹತ್ತು ಸಾಲು ಕನ್ನಡದಲ್ಲಿ ಬರೆಸಿ ತನ್ನಿ. ಮಗುವನ್ನು ಹೇಗೆ ಹಿಡಿದು ಕುಡಿಸಬೇಕು, ಏನು ಕಂಡರೆ ಓಡಿಬರಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ಅಚ್ಚಿನ ಕೂಲಿ ನನಗೆ ಬೇಡ.